ವರ್ಚುವಲ್ ದತ್ತಾಂಶ ಕೇಂದ್ರಗಳ ಕೇಂದ್ರೀಕೃತ ನಿರ್ವಹಣಾ ತಂತ್ರಾಂಶ

ಒಂದೇ ಭೌತಿಕ ಸರ್ವರ್‌ನೊಳಗೆ ಹತ್ತಾರು ಕಂಪ್ಯೂಟರುಗಳು ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಓಡುವಂತೆ ಮಾಡುವ ತಂತ್ರಕ್ಕೆ ವರ್ಚುವಲೈಸೇಶನ್ ಎಂದು ಹೆಸರು. ಹಾಗೆ ಓಡುವ ಪ್ರತಿಯೊಂದೂ ಒಂದು ವರ್ಚುವಲ್ ಮಷೀನ್; ಕೆಲಸಗಾರರ ಬಾಯಲ್ಲಿ ವಿಎಂ. ಇಂಥ ನೂರಾರು ಸರ್ವರ್‌ಗಳು, ಅವುಗಳೊಳಗಿನ ಸಾವಿರಾರು ವಿಎಂಗಳು, ಅವು ನೆಚ್ಚಿಕೊಂಡ ಡಿಸ್ಕು ಮತ್ತು ನೆಟ್‌ವರ್ಕುಗಳು, ಇವೆಲ್ಲವನ್ನೂ ಒಂದೇ ಪರದೆಯಿಂದ ನೋಡಿಕೊಳ್ಳುವ ಸಾಧನವೇ ಕೇಂದ್ರೀಕೃತ ನಿರ್ವಹಣಾ ತಂತ್ರಾಂಶ. ವಿಎಂವೇರ್‌ನ ವಿಸೆಂಟರ್, ಮೈಕ್ರೋಸಾಫ್ಟ್‌ನ ಸಿಸ್ಟಂ ಸೆಂಟರ್ ವರ್ಚುವಲ್ ಮಷೀನ್ ಮ್ಯಾನೇಜರ್, ನ್ಯೂಟಾನಿಕ್ಸ್‌ನ ಪ್ರಿಸಂ, ಮುಕ್ತ ತಂತ್ರಾಂಶಗಳಲ್ಲಿ ಓಪನ್‌ಸ್ಟ್ಯಾಕ್ ಮತ್ತು ಪ್ರಾಕ್ಸ್‌ಮಾಕ್ಸ್ ಈ ವರ್ಗಕ್ಕೆ ಸೇರಿದವು.

ಹೆಸರು ಕೇಳಿದರೆ ಬೆಂಗಳೂರಿನ ಗಾಜಿನ ಕಟ್ಟಡಗಳ ವಿಷಯ ಅನ್ನಿಸುತ್ತದೆ. ಆದರೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಕಾದು ನಿಂತ ವಿದ್ಯಾರ್ಥಿಯೂ, ಹೊಸದುರ್ಗದ ಮತ್ತೋಡಿನಲ್ಲಿ ಸಾಲಕ್ಕೆಂದು ಪಹಣಿ ತೆಗೆಸುವ ರೈತನೂ ತಮಗೆ ಅರಿವಿಲ್ಲದೆ ಇದರ ಬಳಕೆದಾರರೇ. ಈ ಲೇಖನ ವಿಷಯವನ್ನು ಸರ್ವರ್ ಕೋಣೆಯೊಳಗಿಂದ ನೋಡುವ ಬದಲು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕಚೇರಿ ಕೌಂಟರುಗಳ ಕಡೆಯಿಂದ ನೋಡುತ್ತದೆ. ತಂತ್ರಾಂಶ ಗೆದ್ದರೂ ಸೋತರೂ ಅದು ಗೊತ್ತಾಗುವುದು ಅಲ್ಲೇ.

ತಾಲ್ಲೂಕಿನ ಪೆಟ್ಟಿಗೆಯಿಂದ ಬೆಂಗಳೂರಿನ ಕೋಣೆಗೆ

ಕರ್ನಾಟಕದ ಭೂದಾಖಲೆಗಳ ಗಣಕೀಕರಣ ಯೋಜನೆಯಾದ ‘ಭೂಮಿ’ 2000ದ ಆಸುಪಾಸಿನಲ್ಲಿ ಜಾರಿಗೆ ಬಂತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅದರ ತಂತ್ರಾಂಶ ಬರೆಯಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, 15 ರೂಪಾಯಿ ಕೊಟ್ಟವರಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಆಗಿನ ವಿನ್ಯಾಸದಲ್ಲಿ ಪ್ರತಿ ತಾಲ್ಲೂಕು ಕಚೇರಿಗೂ ಅದರದೇ ಸರ್ವರ್, ಅದರದೇ ದತ್ತಸಂಚಯ ಇದ್ದವು. ಹಿರಿಯೂರಿನ ಸರ್ವರ್ ಕೆಟ್ಟರೆ ಹಿರಿಯೂರಿಗಷ್ಟೇ ತೊಂದರೆ. ಹೊಸದುರ್ಗದವರಿಗೆ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಆದರೆ ರಿಪೇರಿಯವನು ಬಸ್ಸಿನಲ್ಲಿ ಬರಬೇಕು, ಬ್ಯಾಕಪ್ ಟೇಪನ್ನು ಯಾರಾದರೂ ನೆನಪಿಟ್ಟು ಬದಲಿಸಬೇಕು, ಯುಪಿಎಸ್ ಬ್ಯಾಟರಿ ಸತ್ತದ್ದು ಕರೆಂಟು ಹೋದ ದಿನವೇ ಗೊತ್ತಾಗಬೇಕು.

ಸ್ವಾರಸ್ಯವೆಂದರೆ, ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬಂದ ಖಜಾನೆ ಇಲಾಖೆಯ ‘ಖಜಾನೆ’ ಯೋಜನೆ ತದ್ವಿರುದ್ಧ ದಾರಿ ಹಿಡಿಯಿತು. ಜಿಲ್ಲಾ ಮತ್ತು ತಾಲ್ಲೂಕು ಖಜಾನೆಗಳನ್ನು ವಿಸ್ಯಾಟ್ ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ಕೇಂದ್ರ ಸರ್ವರಿಗೆ ಜೋಡಿಸಿತು. ಚದುರಿಸಿ ಇಡಬೇಕೋ ಒಂದೆಡೆ ಸೇರಿಸಬೇಕೋ ಎಂಬ ಪ್ರಶ್ನೆಗೆ ಒಂದೇ ಸರ್ಕಾರ ಎರಡು ಉತ್ತರಗಳನ್ನು ಒಟ್ಟಿಗೇ ಪ್ರಯೋಗಿಸುತ್ತಿತ್ತು.

ಮುಂದೆ ಗೆದ್ದದ್ದು ಎರಡನೆಯ ಉತ್ತರ. ಎಲ್ಲ ರಾಜ್ಯಗಳಿಗೂ ವಿಸ್ತಾರ ಜಾಲ ಹಾಕುವ ಯೋಜನೆಗೆ ಕೇಂದ್ರ 2005ರಲ್ಲಿ ಒಪ್ಪಿಗೆ ಕೊಟ್ಟಿತು. 2006ರಲ್ಲಿ ರಾಷ್ಟ್ರೀಯ ಇ-ಆಡಳಿತ ಯೋಜನೆ, 2008ರ ಜನವರಿಯಲ್ಲಿ ರಾಜ್ಯ ದತ್ತಾಂಶ ಕೇಂದ್ರಗಳ ಯೋಜನೆ ಬಂದವು. ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ, ಅದನ್ನು ಜಿಲ್ಲೆ-ತಾಲ್ಲೂಕುಗಳಿಗೆ ಜೋಡಿಸುವ ಕೆಸ್ವಾನ್ ಜಾಲ, ಇವೆರಡರ ಮೇಲೆ ಇಲಾಖೆಗಳು ಒಂದೊಂದಾಗಿ ಬಂದು ಕೂತವು. ಉಪನೋಂದಣಾಧಿಕಾರಿಗಳ ಕಚೇರಿಯ ಕಾವೇರಿ ತಂತ್ರಾಂಶದ ಎರಡನೇ ಆವೃತ್ತಿ 2023ರಲ್ಲಿ ಪೂರ್ತಿ ವೆಬ್ ಆಧಾರಿತವಾಗಿ ರಾಜ್ಯವನ್ನು ವ್ಯಾಪಿಸಿತು. ಕೌಂಟರಿನಲ್ಲಿ ಉಳಿದದ್ದು ಒಂದು ಮಾನಿಟರ್, ಬೆರಳಚ್ಚು ಯಂತ್ರ, ಪ್ರಿಂಟರ್ ಮತ್ತು ಗೋಡೆಯೊಳಗಿನ ಒಂದು ಕೇಬಲ್.

ಹೀಗೆ ಒಂದೆಡೆ ಸೇರಿದ ಇಲಾಖೆಗಳು ತಲಾ ನಾಲ್ಕು ಸರ್ವರ್ ತಂದಿಟ್ಟುಕೊಂಡರೆ ಕೋಣೆ ತುಂಬುತ್ತದೆ, ಒಂದೊಂದು ಪೆಟ್ಟಿಗೆಯೂ ಬಹುಪಾಲು ಸಮಯ ಸುಮ್ಮನೆ ಬೆಚ್ಚಗಿರುತ್ತದೆ. ವರ್ಚುವಲೈಸೇಶನ್ ಬೇಕಾದದ್ದು ಇಲ್ಲಿ. ಭಾರತ ಸರ್ಕಾರದ ‘ಮೇಘರಾಜ್’ ಕ್ಲೌಡ್ ನೀತಿ 2013ರಲ್ಲಿ ಇದೇ ದಾರಿಯನ್ನು ಅಧಿಕೃತಗೊಳಿಸಿತು.

ಮೂಲ

ವರ್ಚುವಲೈಸೇಶನ್ನಿನ ಕಲ್ಪನೆ ಹಳೆಯದು. ಐಬಿಎಂ 1960ರ ದಶಕದಲ್ಲೇ ತನ್ನ ದೊಡ್ಡ ಯಂತ್ರಗಳನ್ನು ಹೀಗೆ ಪಾಲು ಮಾಡಿತ್ತು. 1972ರ ವಿಎಂ/370 ಅದರ ಮಾಗಿದ ರೂಪ. ಸಾಮಾನ್ಯ ಇಂಟೆಲ್ ಬಗೆಯ ಚಿಪ್ಪುಗಳಲ್ಲಿ ಇದನ್ನು ಸಾಧಿಸಿ ಮಾರುಕಟ್ಟೆಗೆ ತಂದದ್ದು 1998ರಲ್ಲಿ ಹುಟ್ಟಿದ ವಿಎಂವೇರ್. 2001ರಲ್ಲಿ ಅದರ ಇಎಸ್ಎಕ್ಸ್ ಬಂತು. ಇದು ಹೈಪರ್‌ವೈಸರ್, ಅಂದರೆ ಯಂತ್ರದ ಮೇಲೆ ನೇರವಾಗಿ ಕೂತು ವಿಎಂಗಳಿಗೆ ಪ್ರೊಸೆಸರ್, ಮೆಮೊರಿಗಳನ್ನು ಹಂಚುವ ಪದರ. ಎರಡು ವರ್ಷದ ಮೇಲೆ, 2003ರಲ್ಲಿ, ಹಲವು ಹೈಪರ್‌ವೈಸರ್‌ಗಳನ್ನು ಒಂದೆಡೆಯಿಂದ ಆಳುವ ವರ್ಚುವಲ್‌ಸೆಂಟರ್ ಬಂತು. ಇದೇ ಮುಂದೆ ವಿಸೆಂಟರ್ ಆಯಿತು. 2006ರಲ್ಲಿ ಹೊರೆಯನ್ನು ತಾನೇ ಹಂಚುವ ಮತ್ತು ಕೆಟ್ಟ ಸರ್ವರ್‌ನ ವಿಎಂಗಳನ್ನು ಬೇರೆಡೆ ಎಬ್ಬಿಸುವ ಶಕ್ತಿ ಸೇರಿತು. 2007ರಲ್ಲಿ ಕೆವಿಎಂ ಲಿನಕ್ಸ್ ಕರ್ನೆಲ್‌ನ ಭಾಗವಾದ ಮೇಲೆ ಮುಕ್ತ ತಂತ್ರಾಂಶಗಳಿಗೆ ಗಟ್ಟಿ ನೆಲೆ ಸಿಕ್ಕಿತು: 2008ರಲ್ಲಿ ವಿಯೆನ್ನಾದ ಪ್ರಾಕ್ಸ್‌ಮಾಕ್ಸ್, 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸೇರಿ ಹೊರತಂದ ಓಪನ್‌ಸ್ಟ್ಯಾಕ್.

ನೀರುಗಂಟಿಯ ಕೆಲಸ

ಈ ತಂತ್ರಾಂಶ ಏನು ಮಾಡುತ್ತದೆ ಎಂಬುದನ್ನು ಬಯಲುಸೀಮೆಯವರಿಗೆ ಹೇಳಲು ನೀರುಗಂಟಿಗಿಂತ ಒಳ್ಳೆಯ ಹೋಲಿಕೆ ಸಿಗದು. ಕೆರೆ ಅವನದಲ್ಲ, ನೀರು ಅವನದಲ್ಲ, ಗದ್ದೆಯೂ ಅವನದಲ್ಲ. ಯಾವ ತೂಬು ಎಷ್ಟು ಎತ್ತಬೇಕು, ಯಾರ ಸರದಿ, ಯಾರ ಗದ್ದೆ ಒಣಗುತ್ತಿದೆ, ಏರಿಯಲ್ಲಿ ಎಲ್ಲಿ ಜಿನುಗುತ್ತಿದೆ ಎಂಬ ಲೆಕ್ಕ ಮಾತ್ರ ಅವನ ತಲೆಯಲ್ಲಿ. ನಿರ್ವಹಣಾ ತಂತ್ರಾಂಶವೂ ಹೀಗೆಯೇ. ವಿಎಂಗಳನ್ನು ಓಡಿಸುವುದು ಹೈಪರ್‌ವೈಸರ್. ತಂತ್ರಾಂಶದ್ದು ಲೆಕ್ಕ ಮತ್ತು ಅಪ್ಪಣೆ.

ಲೆಕ್ಕ ಇರುವುದು ಅದರ ದತ್ತಸಂಚಯದಲ್ಲಿ. ದತ್ತಾಂಶ ಕೇಂದ್ರ, ಅದರೊಳಗೆ ಕ್ಲಸ್ಟರ್ ಎಂಬ ಸರ್ವರ್ ಗುಂಪುಗಳು, ಕ್ಲಸ್ಟರಿನೊಳಗೆ ಹೋಸ್ಟ್ ಎಂದು ಕರೆಯುವ ಒಂದೊಂದು ಸರ್ವರ್, ಹೋಸ್ಟಿನ ಮೇಲೆ ವಿಎಂಗಳು, ಹೀಗೆ ವಂಶವೃಕ್ಷದಂತೆ ಎಲ್ಲವೂ ಅಲ್ಲಿ ದಾಖಲಾಗಿರುತ್ತವೆ. ಪ್ರತಿ ಹೋಸ್ಟಿನಲ್ಲೂ ಒಂದು ಪುಟ್ಟ ಏಜೆಂಟ್ ಕೂತು ಬಳಕೆಯ ಅಂಕಿಗಳನ್ನು ಮೇಲಕ್ಕೆ ಕಳಿಸುತ್ತ, ಮೇಲಿನ ಅಪ್ಪಣೆಯನ್ನು ಕೆಳಗೆ ನಡೆಸುತ್ತದೆ. 2020ರ ವಿಸೆಂಟರ್ 7ರ ಒಂದು ಪ್ರತಿ 2,500 ಹೋಸ್ಟ್‌ಗಳನ್ನೂ ಓಡುತ್ತಿರುವ ಹತ್ತಾರು ಸಾವಿರ ವಿಎಂಗಳನ್ನೂ ನಿಭಾಯಿಸಬಲ್ಲದು. ಹೊಸ ಸೇವೆ ಬೇಕೆಂದರೆ ಮೊದಲೇ ಸಿದ್ಧಮಾಡಿಟ್ಟ ಟೆಂಪ್ಲೇಟಿನಿಂದ ವಿಎಂ ನಿಮಿಷಗಳಲ್ಲಿ ಎದ್ದುನಿಲ್ಲುತ್ತದೆ. ಹಿಂದೆ ಟೆಂಡರ್ ಕರೆದು ಸರ್ವರ್ ಬರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು.

ಇದರ ಅಚ್ಚರಿಯ ವಿದ್ಯೆಯೆಂದರೆ ಓಡುತ್ತಿರುವ ವಿಎಂ ಅನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವುದು. ಒಲೆ ಆರಿಸದೆ ಮನೆ ಬದಲಿಸಿದ ಹಾಗೆ. ಮೊದಲು ವಿಎಂನ ಮೆಮೊರಿಯನ್ನು ಪುಟಪುಟವಾಗಿ ಹೊಸ ಹೋಸ್ಟಿಗೆ ನಕಲು ಮಾಡುತ್ತಾರೆ. ನಕಲಿಸುವಷ್ಟರಲ್ಲಿ ಕೆಲವು ಪುಟಗಳು ಬದಲಾಗಿರುತ್ತವೆ. ಅವನ್ನು ಮತ್ತೆ ಕಳಿಸುತ್ತಾರೆ. ಸುತ್ತು ಸುತ್ತಿಗೂ ಬಾಕಿ ಕಡಿಮೆಯಾಗುತ್ತ ಬಂದು, ಕೊನೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ವಿಎಂ ಅನ್ನು ತಡೆದು ಉಳಿದಷ್ಟನ್ನು ದಾಟಿಸಿದರೆ ಅದು ಹೊಸ ಜಾಗದಲ್ಲಿ ಉಸಿರಾಡುತ್ತದೆ. ಡಿಸ್ಕು ಎರಡೂ ಹೋಸ್ಟಿಗೆ ಸಮಾನವಾಗಿ ಕಾಣುವ ಸಂಗ್ರಹದಲ್ಲಿ ಇದ್ದರೆ ಅದು ಅಲುಗುವುದೇ ಬೇಡ. ಹಗಲು ಹನ್ನೊಂದು ಗಂಟೆಗೆ, ಭರಮಸಾಗರದಲ್ಲಿ ಯಾರೋ ಅರ್ಜಿಯ ನಡುವೆ ಇರುವಾಗಲೇ, ಕೆಳಗಿನ ಸರ್ವರನ್ನು ಖಾಲಿ ಮಾಡಿ ಅದರ ಮೆಮೊರಿ ಕಡ್ಡಿ ಬದಲಿಸಬಹುದು.

ಸರ್ವರ್ ತಟ್ಟನೆ ಸತ್ತರೆ ಕಥೆ ಬೇರೆ. ಆಗ ಸಾಗಿಸಲು ವ್ಯವಧಾನವಿಲ್ಲ. ಹೋಸ್ಟ್‌ಗಳು ಪರಸ್ಪರ ನಾಡಿಬಡಿತ ಕೇಳಿಸಿಕೊಳ್ಳುತ್ತಿರುತ್ತವೆ. ಒಂದರ ಬಡಿತ ನಿಂತರೆ ಅದರ ವಿಎಂಗಳನ್ನು ಉಳಿದವು ತಮ್ಮಲ್ಲಿ ಮತ್ತೆ ಎಬ್ಬಿಸುತ್ತವೆ. ಎಬ್ಬಿಸುವುದೆಂದರೆ ಮೊದಲಿಂದ ಬೂಟ್ ಮಾಡುವುದು. ಕೌಂಟರಿನಲ್ಲಿ ಪುಟ ಕೆಲವು ನಿಮಿಷ ತಿರುಗಿ, ಮತ್ತೆ ಲಾಗಿನ್ ಕೇಳುತ್ತದೆ. ಹೀಗಾಗಬೇಕಾದರೆ ಉಳಿದವುಗಳಲ್ಲಿ ಜಾಗ ಖಾಲಿ ಇರಬೇಕು. ನಾಲ್ಕು ಹೋಸ್ಟ್ ಇದ್ದರೆ ಒಂದರಷ್ಟು ಶಕ್ತಿಯನ್ನು ಮುಟ್ಟದೆ ಇಡುವುದು ಪದ್ಧತಿ. ಬಿತ್ತನೆಗೆ ಎತ್ತಿಟ್ಟ ಶೇಂಗಾ ಇದು. ಮನೆಗೆ ಬಂದವರ ಕಣ್ಣು ಮೊದಲು ಬೀಳುವುದೂ ಆ ಚೀಲದ ಮೇಲೇ. ಲೆಕ್ಕಪರಿಶೋಧಕರಿಗೆ ಕಾಲು ಭಾಗ ಯಂತ್ರ ಸುಮ್ಮನಿರುವುದು ಏಕೆಂದು ವಿವರಿಸುವುದು ಸುಲಭವಲ್ಲ.

ಎಲ್ಲರೂ ಒಂದೇ ದಿನ ಬಂದರೆ

ಹಂಚಿಕೊಂಡು ಬಾಳುವ ಈ ವ್ಯವಸ್ಥೆ ನಿಂತಿರುವುದು ಒಂದು ನಂಬಿಕೆಯ ಮೇಲೆ: ಎಲ್ಲರಿಗೂ ಒಂದೇ ಹೊತ್ತಿಗೆ ಪೂರ್ತಿ ಪಾಲು ಬೇಕಾಗುವುದಿಲ್ಲ. ಆದ್ದರಿಂದಲೇ ಇರುವ ಪ್ರೊಸೆಸರ್‌ಗಿಂತ ಹಲವು ಪಟ್ಟು ಹೆಚ್ಚನ್ನು ವಿಎಂಗಳಿಗೆ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಡಿಸ್ಕನ್ನೂ ‘100 ಜಿಬಿ ನಿನ್ನದು’ ಎಂದು ಹೇಳಿ, ಬರೆದಷ್ಟನ್ನೇ ನಿಜವಾಗಿ ಕೊಡುತ್ತಾರೆ. ಅಚ್ಚುಕಟ್ಟು ನೀರಿಗಿಂತ ದೊಡ್ಡದಾಗಿರುತ್ತದೆ. ಸರದಿ ನಡೆಯುವವರೆಗೆ ಯಾರಿಗೂ ಕೊರತೆ ಕಾಣದು. ಖಾಸಗಿ ಕಂಪನಿಗಳಲ್ಲಿ ಇದು ನಡೆದುಹೋಗುತ್ತದೆ, ಏಕೆಂದರೆ ಒಬ್ಬರ ಸಂಬಳದ ದಿನ ಇನ್ನೊಬ್ಬರ ರಜಾದಿನ.

ಸರ್ಕಾರದ ಕ್ಯಾಲೆಂಡರ್ ಹಾಗಲ್ಲ. ಶಾಲೆ-ಕಾಲೇಜು ಶುರುವಾಗುವ ಜೂನ್‌ನಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಲ್ಲ ಹೋಬಳಿಗೂ ಒಟ್ಟಿಗೇ ಬೇಕು. ಬೆಳೆವಿಮೆಯ ಗಡುವು ಧರ್ಮಪುರಕ್ಕೂ ರಾಮಗಿರಿಗೂ ಒಟ್ಟೊಟ್ಟಿಗೆ ಬಂದು ಕೂರುತ್ತದೆ. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ರಾಜ್ಯದುದ್ದಕ್ಕೂ ಸಾಲು ಬೆಳೆದದ್ದನ್ನು ಎಲ್ಲರೂ ಕಂಡಿದ್ದಾರೆ. ಅಂಥ ದಿನ ಹೊರೆ ಹಂಚುವ ಎಷ್ಟೇ ಜಾಣ ತಂತ್ರಾಂಶವಿದ್ದರೂ ಒಂದು ತುಂಬಿದ ಕೊಡದಿಂದ ಇನ್ನೊಂದು ತುಂಬಿದ ಕೊಡಕ್ಕೆ ಸುರಿಯಬಲ್ಲದಷ್ಟೇ. ಯಂತ್ರಕ್ಕಿಂತ ಮೊದಲು ಹಂಚಬೇಕಾದದ್ದು ಗಡುವುಗಳನ್ನು. ತಾಲ್ಲೂಕಿಗೊಂದು, ಅಕ್ಷರಕ್ಕೊಂದು ದಿನ ಎಂದು ಸರದಿ ಕೊಟ್ಟರೆ ಹೊಸ ಸರ್ವರ್ ಕೊಳ್ಳದೆಯೂ ಅರ್ಧ ನೋವು ಇಳಿಯುತ್ತದೆ.

ತುಂಬುವ ಮಾತಿಗೆ ಹೋಲಿಕೆ ಜಿಲ್ಲೆಯಲ್ಲೇ ಇದೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿಯಿತು. ಹಿಡಿಯುವುದು 30 ಟಿಎಂಸಿ ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಮತ್ತೆ ತುಂಬಲು 89 ವರ್ಷ ತೆಗೆದುಕೊಂಡ ಅಣೆಕಟ್ಟನ್ನು ಜಿಲ್ಲೆ ಹೆಮ್ಮೆಯಿಂದ ನೋಡುತ್ತದೆ. ವರ್ಷಕ್ಕೆರಡು ದಿನ ತುಂಬುವ ದತ್ತಾಂಶ ಕೇಂದ್ರಕ್ಕೆ ಮಾತ್ರ ಬೈಗುಳ ತಪ್ಪಿದ್ದಲ್ಲ.

‘ಸರ್ವರ್ ಇಲ್ಲ’ ಎಂಬ ಮಾತಿನ ಅರ್ಥ

‘ಸರ್ವರ್ ಬಿಜಿ’, ‘ಸರ್ವರ್ ಡೌನ್’, ‘ಸರ್ವರ್ ಇಲ್ಲ ನಾಳೆ ಬನ್ನಿ’ ಎಂಬ ಮಾತುಗಳು ಕಚೇರಿ ಕನ್ನಡಕ್ಕೆ ಸೇರಿ ಎಷ್ಟೋ ವರ್ಷವಾಯಿತು. ಇವು ಕನಿಷ್ಠ ಐದು ಬೇರೆ ಬೇರೆ ಕಾಯಿಲೆಗಳಿಗೆ ಇಟ್ಟ ಒಂದೇ ಹೆಸರು. ಬೆಸ್ಕಾಂ ಕರೆಂಟು ಹೋಗಿ ಯುಪಿಎಸ್ಸೂ ಕೈಕೊಟ್ಟಿರಬಹುದು. ರಸ್ತೆ ಅಗೆದ ಜೆಸಿಬಿ ಕೇಬಲ್ ತುಂಡರಿಸಿರಬಹುದು. ಬೆಂಗಳೂರಿನಿಂದ ಚಿತ್ರದುರ್ಗಕ್ಕೇ 200 ಕಿ.ಮೀ. ದೂರ, ಹೊಸದುರ್ಗ, ಹೊಳಲ್ಕೆರೆಗಳು ಹೆದ್ದಾರಿ ಬಿಟ್ಟು ಇನ್ನೂ ಒಳಗಿವೆ. ಇಲಾಖೆಯ ತಂತ್ರಾಂಶವೇ ತಪ್ಪು ಪ್ರಶ್ನೆ ಕೇಳಿ ದತ್ತಸಂಚಯವನ್ನು ಬಿಗಿಹಿಡಿದಿರಬಹುದು. ವಿಎಂಗೆ ಮೆಮೊರಿ ಸಾಲದೆ ಹೋಗಿರಬಹುದು. ಅಥವಾ ಹೊರಗಿನವರು ಬೇಕೆಂದೇ ಮುತ್ತಿಗೆ ಹಾಕಿರಬಹುದು. 2025ರ ಆರಂಭದಲ್ಲಿ ಕಾವೇರಿ ಎರಡನೇ ಆವೃತ್ತಿ ತತ್ತರಿಸಿದಾಗ ಅದು ಸುಳ್ಳು ಕೋರಿಕೆಗಳ ಡಿಡಿಒಎಸ್ ದಾಳಿ ಎಂದು ಸರ್ಕಾರ ಹೇಳಿ ಪೊಲೀಸ್ ದೂರು ಕೊಟ್ಟಿತು.

ನಿರ್ವಹಣಾ ತಂತ್ರಾಂಶವೇ ನಿಂತುಹೋದರೆ? ಹೊಸಬರು ಇದನ್ನು ಸಾಮಾನ್ಯವಾಗಿ ತಪ್ಪು ತಿಳಿಯುತ್ತಾರೆ. ವಿಸೆಂಟರ್ ಸತ್ತರೂ ವಿಎಂಗಳು ಓಡುತ್ತಲೇ ಇರುತ್ತವೆ. ನಾಡಿಬಡಿತ ನೋಡಿ ಎಬ್ಬಿಸುವ ಕೆಲಸವೂ ಹೋಸ್ಟ್‌ಗಳ ಮಟ್ಟದಲ್ಲೇ ಇರುವುದರಿಂದ ನಿಲ್ಲದು. ನಿಲ್ಲುವುದು ಸಾಗಣೆ, ಹೊರೆ ಹಂಚಿಕೆ, ಹೊಸ ವಿಎಂ ಸೃಷ್ಟಿ. ನೀರುಗಂಟಿ ಜ್ವರದಲ್ಲಿ ಮಲಗಿದರೆ ತೂಬು ಎಷ್ಟು ತೆರೆದಿತ್ತೋ ಅಷ್ಟೇ ಹರಿಯುತ್ತದೆ. ಯಾರ ಗದ್ದೆ ಮುಳುಗುತ್ತಿದೆ ಎಂದು ಮಾತ್ರ ನೋಡುವವರಿಲ್ಲ. ಪ್ರಾಕ್ಸ್‌ಮಾಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ: ಅದರಲ್ಲಿ ಕ್ಲಸ್ಟರಿನ ಯಜಮಾನಿಕೆಗೆ ಪ್ರತ್ಯೇಕ ಯಂತ್ರವೇ ಬೇಡ, ಪ್ರತಿ ಹೋಸ್ಟೂ ಪೂರ್ತಿ ಲೆಕ್ಕ ಇಟ್ಟುಕೊಂಡಿರುತ್ತದೆ. ಅಲ್ಲಿನ ಕಟ್ಟಳೆ ಒಂದೇ: ಅರ್ಧಕ್ಕಿಂತ ಹೆಚ್ಚು ಹೋಸ್ಟ್‌ಗಳು ಒಬ್ಬರಿಗೊಬ್ಬರು ಕಾಣುತ್ತಿದ್ದರೆ ಮಾತ್ರ ಬದಲಾವಣೆಗೆ ಅಪ್ಪಣೆ. ಇಲ್ಲವಾದರೆ ಜಾಲ ಎರಡಾಗಿ ಸೀಳಿದಾಗ ಎರಡೂ ಕಡೆಯವರು ‘ನಾನೇ ಯಜಮಾನ’ ಎಂದು ಒಂದೇ ಡಿಸ್ಕಿಗೆ ಬರೆದು ಕೆಡಿಸುತ್ತಾರೆ.

2011ರ ಸಕಾಲ ಕಾಯ್ದೆ ಸೇವೆಗಳಿಗೆ ದಿನಗಣನೆ ನಿಗದಿ ಮಾಡಿದೆ. ಕೌಂಟರಿನವರು ಹೇಳುವ ‘ಸರ್ವರ್ ಇಲ್ಲ’ ಎಂಬ ಮಾತಿನ ಹಿಂದೆ ಈ ಐದರಲ್ಲಿ ಯಾವುದಿತ್ತು ಎಂಬುದು ದಾಖಲಾದರೆ ಹೊಣೆ ಯಾರದೆಂದು ಗೊತ್ತಾಗುತ್ತದೆ. ನಿರ್ವಹಣಾ ತಂತ್ರಾಂಶದಲ್ಲಿ ಆ ದಿನದ, ಆ ಗಳಿಗೆಯ ಅಂಕಿಗಳು ಇರುತ್ತವೆ. ಅವು ಕೋಣೆಯಿಂದ ಹೊರಬಂದು ತಾಲ್ಲೂಕಿಗೆ ತಲುಪುವುದು ಅಪರೂಪ. ಇದು ತಂತ್ರಜ್ಞಾನದ ಕೊರತೆಯಲ್ಲ.

ಕಿಂಡಿ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯೂ ಶತ್ರು ನುಸುಳಬಲ್ಲ ಒಂದು ಕಿಂಡಿಗೆ ಅಂಜಬೇಕಾಯಿತು ಎಂಬುದನ್ನು ದುರ್ಗದವರಿಗೆ ಹೊಸದಾಗಿ ಹೇಳಬೇಕಿಲ್ಲ. ಭೂಮಿ ತಂತ್ರಾಂಶದಲ್ಲಿ ಮುಟೇಶನ್‌ಗೆ ಒಪ್ಪಿಗೆ ಕೊಡಲು ಅಧಿಕಾರಿಯ ಬೆರಳಚ್ಚೇ ಬೇಕು. ಅದರ ಮುಂಬಾಗಿಲಿಗೆ ಆರಂಭದಿಂದಲೂ ಒಳ್ಳೆಯ ಕಾವಲಿದೆ. ಆದರೆ ಯಾವುದೇ ವರ್ಚುವಲ್ ಕೇಂದ್ರದಲ್ಲಿ ನಿರ್ವಹಣಾ ಪರದೆಯ ಪೂರ್ಣಾಧಿಕಾರ ಸಿಕ್ಕವನಿಗೆ ಬೆರಳಚ್ಚಿನ ಗೊಡವೆಯೇ ಇಲ್ಲ. ವಿಎಂ ಎಂದರೆ ಕೊನೆಗೆ ಕೆಲವು ಫೈಲುಗಳು. ಅವನ್ನು ನಕಲಿಸಿಕೊಳ್ಳಬಹುದು, ಬೀಗ ಜಡಿಯಬಹುದು, ಅಳಿಸಲೂಬಹುದು. 2023ರ ಫೆಬ್ರುವರಿಯಲ್ಲಿ ಇಎಸ್ಎಕ್ಸ್ಐಆರ್ಗ್ಸ್ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಸಾವಿರಾರು ಹೋಸ್ಟ್‌ಗಳ ವಿಎಂ ಫೈಲುಗಳಿಗೆ ಬೀಗ ಹಾಕಿತು. ಅದು ನುಗ್ಗಿದ ತೂತಿಗೆ ತೇಪೆ ಎರಡು ವರ್ಷ ಮೊದಲೇ ಬಿಡುಗಡೆಯಾಗಿತ್ತು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಮೇಲೆ ನಡೆದ ದಾಳಿಯಲ್ಲಿ ಕೆಟ್ಟದ್ದು ಐದು ಸರ್ವರ್‌ಗಳು. ಆಸ್ಪತ್ರೆ ಸುಮಾರು ಎರಡು ವಾರ ಕೈಬರಹಕ್ಕೆ ಮರಳಿತು.

ಹೀಗಾಗಿ ನಿರ್ವಹಣಾ ಜಾಲವನ್ನು ಸಾರ್ವಜನಿಕ ಜಾಲದಿಂದ ಬೇರ್ಪಡಿಸುವುದು, ವಿಎಂ ಸೃಷ್ಟಿಸುವವನಿಗೆ ಅಳಿಸುವ ಹಕ್ಕು ಕೊಡದಿರುವುದು, ಎರಡು ಹಂತದ ಲಾಗಿನ್, ಡಿಸ್ಕಿನ ಗೂಢಲಿಪೀಕರಣ, ಇವು ಈ ಕ್ಷೇತ್ರದ ಮೊದಲ ಪಾಠ. ಭಾರತದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಕಾಪಿಡಬೇಕೆಂದೂ, ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದೂ ಹೇಳಿದೆ.

ಇನ್ನು ಸ್ನ್ಯಾಪ್‌ಶಾಟ್. ವಿಎಂನ ಒಂದು ಗಳಿಗೆಯ ಸ್ಥಿತಿಯನ್ನು ಹಿಡಿದಿಟ್ಟು, ಅಪ್‌ಡೇಟ್ ಕೈಕೊಟ್ಟರೆ ಹಿಂದಕ್ಕೆ ಹೋಗಲು ಅನುಕೂಲ ಮಾಡುವ ಈ ಸೌಲಭ್ಯವನ್ನು ಬ್ಯಾಕಪ್ ಎಂದು ತಿಳಿದು ಕೆಟ್ಟವರು ಬಹಳ. ಅದು ಮೂಲ ಡಿಸ್ಕಿಗೇ ಆತುಕೊಂಡಿರುತ್ತದೆ. ಡಿಸ್ಕು ಹೋದರೆ ಅದೂ ಹೋಯಿತು. ತೆಗೆದು ಮರೆತುಬಿಟ್ಟರೆ ದಿನದಿನಕ್ಕೂ ಉಬ್ಬಿ ಸಂಗ್ರಹವನ್ನೇ ತುಂಬಿಬಿಡುತ್ತದೆ.

ನಿಜವಾದ ಬ್ಯಾಕಪ್ ಇರಬೇಕಾದದ್ದು ಬೇರೆ ಕಟ್ಟಡದಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ. ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ದತ್ತಾಂಶ ಕೇಂದ್ರದ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಬಿದ್ದು 709 ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಹೊರಗೆ ನಕಲಿಲ್ಲದೆ ಸುಟ್ಟುಹೋಯಿತು. ಡಿಜಿಟಲ್ ಆಡಳಿತದಲ್ಲಿ ಜಗತ್ತಿಗೇ ಮಾದರಿ ಎನಿಸಿಕೊಂಡ ದೇಶ ಅದು. ಚಿತ್ರದುರ್ಗದ ಕೋಟೆಯ ನೀರಿನ ವ್ಯವಸ್ಥೆ ಕಟ್ಟಿದವರು ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಹರಿಯುವಂತೆ ಮಾಡಿದ್ದರು. ಒಂದು ಹೊಂಡದ ಮೇಲೆ ಊರಿಡೀ ಭಾರ ಹೊರಿಸಿರಲಿಲ್ಲ.

ಪರವಾನಗಿಯ ಬೆಲೆ

ವಿಎಂವೇರ್ ಅನ್ನು ಬ್ರಾಡ್‌ಕಾಮ್ ಕಂಪನಿ 2023ರ ನವೆಂಬರ್ 22ರಂದು ತನ್ನದಾಗಿಸಿಕೊಂಡಿತು. ಮರುತಿಂಗಳೇ ಒಮ್ಮೆ ಕೊಂಡು ಕಾಯಂ ಬಳಸುವ ಪರವಾನಗಿಗಳ ಮಾರಾಟ ನಿಂತು, ಚಂದಾ ಪದ್ಧತಿಯೊಂದೇ ಉಳಿಯಿತು. ಬೆಂಗಳೂರಿನಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರವಿದ್ದ ಕಂಪನಿಯಾದ್ದರಿಂದ ಇಲ್ಲಿನ ಎಂಜಿನಿಯರುಗಳ ಮನೆಗಳಲ್ಲೂ ಇದು ದಿನದ ಮಾತಾಯಿತು. ವರ್ಷವರ್ಷ ಬಾಡಿಗೆ ಕಟ್ಟುವುದು ಸರ್ಕಾರಿ ಆಯವ್ಯಯಕ್ಕೆ ಒಗ್ಗದ ಸಂಗತಿ. ಜಗತ್ತಿನ ಹಲವು ಸಂಸ್ಥೆಗಳು ಕೆವಿಎಂ ಆಧಾರಿತ ತಂತ್ರಾಂಶಗಳತ್ತ ತಿರುಗಿವೆ. ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಇರಬೇಕೆಂದು ಕೇಂದ್ರದ ನೀತಿ 2015ರಲ್ಲೇ ಹೇಳಿತ್ತು. ಪರವಾನಗಿಗೆ ದುಡ್ಡಿಲ್ಲದಿದ್ದರೂ ತಿಳಿದ ಕೈಗಳಿಗೆ ದುಡ್ಡು ಬೇಕು ಎಂಬುದನ್ನು ಆ ಚರ್ಚೆಯಲ್ಲಿ ಮರೆಯುವವರೇ ಹೆಚ್ಚು.

ಪರವಾನಗಿಯದು ಒಂದು ಹೊರೆಯಾದರೆ, ಸದ್ಯದ ಇನ್ನೊಂದು ಹೊರೆ ಬಂದಿರುವುದು ಹಳೆಯ ಕಾಗದದಿಂದ. ತಹಶೀಲ್ದಾರ್ ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ಬಟ್ಟೆಗಂಟುಗಳಲ್ಲಿದ್ದ ಮೂಲ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆಯನ್ನು ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿತು. ಪಹಣಿಯ ಒಂದು ಸಾಲು ದತ್ತಸಂಚಯದಲ್ಲಿ ಕೆಲವೇ ನೂರು ಅಕ್ಷರ. ಅಂಚು ಮುರಿದ, ಶಾಯಿ ಹರಡಿದ ಒಂದು ಹಳೆಯ ಪುಟದ ಚಿತ್ರ ಅದರ ಸಾವಿರಾರು ಪಟ್ಟು ಜಾಗ ಬೇಡುತ್ತದೆ, ಬ್ಯಾಕಪ್‌ನಲ್ಲಿ ಇನ್ನೊಮ್ಮೆ, ದೂರದ ಕೇಂದ್ರದಲ್ಲಿ ಮತ್ತೊಮ್ಮೆ. ಪ್ರೊಸೆಸರ್ ಮೆಮೊರಿಗಳ ಪಾಲು ನೋಡಿಕೊಂಡು ಬಂದ ನೀರುಗಂಟಿ ಈಗ ಕಣಜದ ಅಳತೆಯನ್ನೂ ಹಿಡಿಯಬೇಕಾಗಿದೆ.